ಕಂಪನಿಯ ಪ್ರಾಣವಿದ್ದ ಗಿಳಿ

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದದ್ದೇ ತಡ, ಕಂಪನಿಯ ಮುನ್ನೂರು ಸೇವಾ ಕೇಂದ್ರಗಳಲ್ಲೂ ಬಂದವರಿಗೆಲ್ಲ ಒಂದೇ ಟೋಕನ್ ಸಿಕ್ಕಿತು: ಏಳು. ಎಲ್ಲರೂ ಏಳನೆಯವರೇ ಆದಮೇಲೆ ಮೊದಲು ಹೋಗುವವರು ಯಾರು? ಕೌಂಟರುಗಳ ಮುಂದೆ ಮಾತಿಗೆ ಮಾತು ಬೆಳೆಯಿತು.

ದೂರು ಉರುಳಿ ಉರುಳಿ ಪಟ್ಟಿಯಮ್ಮನ ಮೇಜಿಗೆ ಬಂತು. ಕಂಪನಿ ಬಳಸುವ ಪುಕ್ಕಟೆ ತಂತ್ರಾಂಶಗಳ ಪಟ್ಟಿ ಇಡುವುದು ಅವಳ ಕೆಲಸ; ಹಾಗಾಗಿ ಇಪ್ಪತ್ತೆಂಟರ ವಯಸ್ಸಿಗೇ ಆ ಹೆಸರು. ಅವಳ ಮನಸ್ಸೋ ಆಗಲೇ ಸಂಜೆ ಐದರ ಬಸ್ಸು ಹತ್ತಿ ಕೂತಿತ್ತು. ಇವತ್ತು ಅಜ್ಜಿಗೆ ಎಂಬತ್ತು ತುಂಬುವ ದಿನ. ಏಳೂ ಮೊಮ್ಮಕ್ಕಳು ಸೇರಿ, ಮತ್ತೆ ಅಜ್ಜಿಯ ಪಕ್ಕ ಮಲಗಿ ಕತೆ ಕೇಳಬೇಕೆಂದು ಮಾತಾಗಿತ್ತು.

“ಆರು ತಿಂಗಳ ಹಿಂದೆ ತಂದ ಟೋಕನ್ ತಂತ್ರಾಂಶ. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟಿದ್ದು” ಎಂದರು ಮ್ಯಾನೇಜರು. “ಅವರನ್ನ ಹುಡುಕಿ ರಿಪೇರಿ ಮಾಡಿಸಮ್ಮ. ಆಮೇಲೆ ಬಸ್ಸು.”

ಅವಳು ಆ ಪುಣ್ಯಾತ್ಮರ ಹಳೇ ವಿಳಾಸಕ್ಕೆ ಮೂರು ಮೇಲ್ ಕಳಿಸಿದಳು. ಮೂರನೆಯದರಲ್ಲಿ “ಇಷ್ಟು ಬೇಜವಾಬ್ದಾರಿ ಸಲ್ಲದು” ಎಂದೂ ಸೇರಿಸಿದಳು. ಉತ್ತರವಿಲ್ಲ.

“ಇಷ್ಟು ದೊಡ್ಡ ಕಂಪನಿ, ಆ ಮನುಷ್ಯನಿಗೆ ಒಂದು ಲೋಟ ಟೀ ಕೊಡಿಸಿದ್ದೀವಾ? ಈಗ ಬೈಯೋಕೆ ಹೊರಟ್ಬಿಟ್ರಿ” ಎಂದು ಪಕ್ಕದ ಮೇಜಿನ ಹಿರಿಯರು ಕುಟುಕಿದರು.

ಅವಳೇ ತಂತ್ರಾಂಶದ ಒಳಗೆ ಇಣುಕಿದಳು. ಟೋಕನ್ ತಂತ್ರಾಂಶ ಇನ್ನೊಂದರ ಮೇಲೆ ಕೂತಿತ್ತು, ಅದು ಮತ್ತೊಂದರ ಹೆಗಲೇರಿತ್ತು. ಅಜ್ಜಿಯ ಕತೆಯಲ್ಲೂ ಹೀಗೇ: ಸಮುದ್ರದಾಚೆ ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ. ಎಲ್ಲಕ್ಕಿಂತ ಕೆಳಗೆ ಗಿಳಿ ಸಿಕ್ಕಿತು. ಬರೀ ಇಪ್ಪತ್ತು ಸಾಲು. ಬರೆದವರು: ಕೊನೆಗುಬ್ಬಿ.

ಅವಳು ಆ ಹೆಸರನ್ನು ಮತ್ತೊಮ್ಮೆ ಓದಿದಳು. ಲೋಕದಲ್ಲಿ ಆ ಹೆಸರು ಹಿಡಿದು ಅವಳನ್ನು ಕರೆಯುವವರು ಅಜ್ಜಿ ಒಬ್ಬರೇ.

ಹಿಂದೆ ಕಾಲೇಜು ಓದುವಾಗಿನ ಒಂದು ರಜೆ. ದಿನಾ ಅಜ್ಜಿಯ ಪಕ್ಕ ಯಾರು ಮಲಗಬೇಕೆಂದು ಏಳು ಜನರ ಜಗಳ. ಸರದಿ ಹೇಳಲೆಂದು ಅವಳೇ ಬರೆದು, ಯಾರಿಗಾದರೂ ಬೇಕಾದೀತೆಂದು ಲೋಕಕ್ಕೆ ಬಿಟ್ಟು, ಮರೆತೇಬಿಟ್ಟಿದ್ದ ಸಾಲುಗಳು. ಅದರಲ್ಲೊಂದು ಕಳ್ಳ ಸಾಲು: ಅಜ್ಜಿಯ ಹುಟ್ಟುಹಬ್ಬದ ದಿನ ಯಾರೇ ಕೇಳಲಿ, ಸರದಿ ಏಳನೆಯವಳದ್ದೇ, ಅಂದರೆ ಎಲ್ಲರಿಗಿಂತ ಕಿರಿಯಳಾದ ತನ್ನದೇ.

ನಾಲಿಗೆ ಕಚ್ಚಿಕೊಂಡು ಮ್ಯಾನೇಜರ ಮುಂದೆ ಎಲ್ಲ ಒಪ್ಪಿಕೊಂಡಳು. “ಎರಡೇ ನಿಮಿಷ ಸಾರ್. ಅಳಿಸಿ ಹೊರಡ್ತೀನಿ.”

ಮ್ಯಾನೇಜರು ನಿಯಮದ ಪುಸ್ತಕ ತಿರುವಿದರು. “ಆಫೀಸ್ ಟೈಮಲ್ಲಿ ಹೊರಗಿನ ತಂತ್ರಾಂಶ ಮುಟ್ಟೋ ಹಾಗಿಲ್ಲಮ್ಮ. ರಜೆ ಹಾಕಿ ಮಾಡಬೇಕು. ರಿಪೇರಿ ಆದ್ಮೇಲೆ ಕೊನೇ ಕೇಂದ್ರ ಮುಚ್ಚೋವರೆಗೂ, ಅಂದ್ರೆ ಎಂಟು ಗಂಟೆವರೆಗೂ, ಬರೆದವರು ಇಲ್ಲೇ ಇರಬೇಕು.” ಅವಳ ರಜೆ ಅರ್ಜಿಗೆ ನಗುನಗುತ್ತಾ ಸಹಿ ಹಾಕಿದರು. “ತಗೋ, ರಜೆ ಮಂಜೂರು. ಕೂತ್ಕೋ.”

ಅಜ್ಜಿಯ ಪಕ್ಕದ ಜಾಗವನ್ನು ಇಷ್ಟು ವರ್ಷ ಕಾದಿದ್ದ ಆ ಸಾಲನ್ನು, ಲೋಕಕ್ಕೆ ಬಿಟ್ಟಿದ್ದ ಮೂಲದಲ್ಲೇ, ತನ್ನ ಕೈಯಾರೆ ಅಳಿಸಿದಳು. ಊರೂರಿನ ಕೇಂದ್ರಗಳಲ್ಲಿ ಒಂದು, ಎರಡು, ಮೂರು ಎಂದು ಟೋಕನ್ ಬರತೊಡಗಿತು. ಕಿಟಕಿಯಾಚೆ ಐದರ ಬಸ್ಸು ಹೊರಟಿತು.

ಫೋನು ಬಂತು. “ಎಲ್ಲಿದ್ದೀಯೇ ಕೊನೆಗುಬ್ಬಿ?” ಅಜ್ಜಿಯ ಹಿಂದೆ ಆರು ಜನರ ಗದ್ದಲ. “ಜಗಳ ಬೇಡ ಅಂತ ಇವ್ರು ನಿನ್ನ ಆ ಹಳೇ ಸರದಿ ಹೇಳೋ ಯಂತ್ರಾನೇ ಕೇಳಿದ್ರಂತೆ ಕಣೇ. ಇವತ್ತು ನಿನ್ನ ಸರದಿ ಅಲ್ಲ ಅಂತಂತೆ.”