ಎರಡು ಸಲ ಹುಟ್ಟಿದ ನನ್ನ ತಂಗಿ

ನನ್ನ ತಂಗಿಯ ತಲೆ ಚೆನ್ನಾಗಿದೆ ಎಂದು ನೆದರ್ಲೆಂಡ್ಸ್ ದೇಶದ ಒಂದು ವಿಶ್ವವಿದ್ಯಾಲಯ ಬರೆದು ಕೊಟ್ಟಿದೆ. ಮಾನ್ವಿಯಲ್ಲಿ ಅವಳ ಜೊತೆ ಒಂದೇ ಸೂರಿನಡಿ ಇರುವ ನಾನು, ಅವ್ವ ಮಾತ್ರ ಇನ್ನೂ ಬರೆದು ಕೊಟ್ಟಿಲ್ಲ. ಪೂರ್ತಿ ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಳ್ಳುತ್ತಿದ್ದಾರಂತೆ. ಪಾಪ, ಅವರು ಇವಳನ್ನು ಕಾಗದದ ಮೇಲೆ ಮಾತ್ರ ನೋಡಿದ್ದಾರೆ!

ಅವಳು ಓದಲು ಹೊರಟಿರುವುದು ಮಣ್ಣಿನ ವಿಷಯ. ಕಾಲುವೆ ನೀರು ನಿಂತು ನಿಂತು, ಉಪ್ಪೇರಿ ಸವಳಾಗಿ ಹೋದ ಗದ್ದೆಯನ್ನು ಮತ್ತೆ ಬೆಳೆಗೆ ತರುವುದು ಹೇಗೆ ಎನ್ನುವುದು ಅವಳ ಚಿಂತೆ. ನಮ್ಮ ಕಡೆ ಅಂಥ ಗದ್ದೆಗಳಿಗೇನು ಕಡಿಮೆ? ಯಾರ ಹೊಲಕ್ಕೆ ಹೋದರೂ ಒಂದು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ಉಪ್ಪು ನೋಡುತ್ತಾಳೆ. ಮನೆಗೆ ಬಂದು ಅದೇ ನಾಲಿಗೆಯಿಂದ ನನ್ನ ಪುಂಡಿಪಲ್ಯಕ್ಕೆ ಉಪ್ಪು ಸಾಲದು ಎನ್ನುತ್ತಾಳೆ. ಯಾರ ಹೊಲಕ್ಕೆ ಹೋಲಿಸಿ ಹೇಳುತ್ತಿದ್ದಾಳೆ ಎಂದು ಕೇಳುವ ಧೈರ್ಯ ನನಗಿಲ್ಲ.

ನಾನು ಅವಳಿಗಿಂತ ಆರು ವರ್ಷ ದೊಡ್ಡವಳು. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಹೊಲಿಗೆ ಅಂಗಡಿಯಿದೆ. ಸಾಲಿಯಲ್ಲಿ ಓದಿದ್ದು ಮೂರನೇ ಕ್ಲಾಸಿನವರೆಗೆ. ಉಳಿದಿದ್ದನ್ನು ಇವಳ ಪುಸ್ತಕಗಳಿಂದ ಕದ್ದು ಕಲಿತೆ. ಹಾಗಾಗಿ ಈ ಬರಹದಲ್ಲಿ ತಪ್ಪುಗಳಿದ್ದರೆ ಅವು ಅವಳ ಪುಸ್ತಕದವು!

ಇವಳಿಗೆ ಇರುವ ದೊಡ್ಡ ರೋಗವೆಂದರೆ ಸುಳ್ಳು ಹೇಳಲು ಬಾರದು. ಹೊಲಿಗೆ ಅಂಗಡಿಯವರ ಮನೆಯಲ್ಲಿ ಇಂಥವಳೊಬ್ಬಳು ಹುಟ್ಟಬಹುದೇ ಹೇಳಿ! ಗಿರಾಕಿ ಬಂದು ಬ್ಲೌಸ್ ಎಲ್ಲಿ ಎಂದು ಕೇಳಿದರೆ, ಹುಕ್ಕು ಹಚ್ಚುವುದೊಂದು ಬಾಕಿ ಇದೆ, ಸಂಜೆಗೆ ಬನ್ನಿ ಎನ್ನುವುದು ನಮ್ಮ ಕಸುಬಿನ ಧರ್ಮ. ನಾನು ಹಾಗೆನ್ನುವಷ್ಟರಲ್ಲಿ ಒಳಗಿನಿಂದ ಇವಳ ದನಿ ಬರುತ್ತದೆ. "ಇನ್ನಾ ಬಟ್ಟೀನ ಕತ್ತರಿಸಿಲ್ರಿ ಅಕ್ಕಾರ. ಸೋಮವಾರ ಬರ್ರಿ." ಗಿರಾಕಿ ನನ್ನ ಮುಖ ನೋಡುತ್ತಾಳೆ. ನಾನು ಸೂಜಿಯ ಕಣ್ಣು ನೋಡುತ್ತೇನೆ. ಈಚೆಗೆ ಕೆಲವರು ನನ್ನನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ನೇರವಾಗಿ, ನಿಮ್ಮ ತಂಗಿಯನ್ನು ಕರೆಯಿರಿ ಎನ್ನುತ್ತಾರೆ.

ಸೀಟು ಸಿಕ್ಕ ಮೇಲೆ ಇವಳ ತಯಾರಿ ಶುರುವಾಯಿತು. ಅಲ್ಲಿ ಬಹಳ ಚಳಿಯಂತೆ. ಕಾಲಿಗೆ ಈಗಿನಿಂದಲೇ ರೂಢಿ ಮಾಡಿಸಬೇಕು ಎಂದು, ಮೇ ತಿಂಗಳ ಒಂದು ಮಧ್ಯಾಹ್ನ, ಕಾಗೆಯೂ ಹೊರಗೆ ಬಾರದ ಬಿಸಿಲಿನಲ್ಲಿ, ಕಬ್ಬಿನ ಹಾಲಿನ ಅಂಗಡಿಯವನಿಗೆ ಹೇಳಿ ಇಡೀ ಒಂದು ಮಂಜುಗಡ್ಡೆಯ ಚಪ್ಪಡಿ ತರಿಸಿದಳು. ಗೋಣಿ ಸುತ್ತಿದ ಆ ಚಪ್ಪಡಿ ಆಟೋದಲ್ಲಿ ಬಂದು ನಮ್ಮ ಬಾಗಿಲಲ್ಲಿ ಇಳಿಯಿತು. ನಮ್ಮ ಓಣಿಯಲ್ಲಿ ಅಷ್ಟು ದೊಡ್ಡ ಮಂಜುಗಡ್ಡೆ ಒಂದು ಮನೆಗೆ ಬರುವುದು ಒಂದೇ ಕಾರಣಕ್ಕೆ. ಎದುರುಮನೆಯ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಓಡಿ ಬಂದಳು. ನಡುಮನೆಯಲ್ಲಿ ಮಲಗಿದ್ದ ಅವ್ವನನ್ನು ನೋಡಿದವಳೇ ಎದೆ ಬಡಿದುಕೊಂಡು ಅಳಲು ಶುರು ಮಾಡಿದಳು. ಗದ್ದಲಕ್ಕೆ ಎಚ್ಚರಾದ ಅವ್ವ ಎದ್ದು ಕುಳಿತು, ಯಾರು ಹೋದರೆಂದು ತಿಳಿಯದಿದ್ದರೂ, ಆಕೆಯ ಕೊರಳು ತಬ್ಬಿ ತಾನೂ ಅತ್ತಳು! ಮೂಲೆಯಲ್ಲಿ ನನ್ನ ತಂಗಿ ಸ್ವೆಟರ್ ತೊಟ್ಟು, ಟಬ್ಬಿನ ಮಂಜುಗಡ್ಡೆಯ ಮೇಲೆ ಕಾಲಿಟ್ಟುಕೊಂಡು ಪುಸ್ತಕ ಓದುತ್ತಿದ್ದಳು. ತಲೆಯಿಂದ ಬೆವರು, ಕಾಲಿನಲ್ಲಿ ನಡುಕ. ಇದೇನು ಹುಚ್ಚು ಎಂದು ನಾನು ಬೈದರೆ ತಲೆ ಎತ್ತದೆ ಹೇಳಿದಳು. "ಥಂಡಿಗಿ ಹೆದರಿ ವಾಪಸ್ ಬಂದ್ಳು ಅಂತ ನೀವೆಲ್ಲಾ ನಗಬಾರ್ದು ನೋಡು, ಅದಕ್ಕ."

ಹೀಗೆ ಮೊಂಡುತನವನ್ನೇ ಹೊದ್ದುಕೊಂಡಿರುವವಳು ಪಾಸ್‌ಪೋರ್ಟ್ ಮಾಡಿಸುವಾಗ ಸುಮ್ಮನಿರುತ್ತಾಳೆಯೇ? ಅವಳ ಅಂಕಪಟ್ಟಿಗಳಲ್ಲಿ ಹುಟ್ಟಿದ ದಿನ ಜೂನ್ ಒಂದು. ಅವ್ವ ಮಾತಿನ ನಡುವೆ, ಇವಳು ಹುಟ್ಟಿದಾಗ ಭತ್ತದ ಕೊಯ್ಲು ನಡೆದಿತ್ತು ಎಂದಳು. ಜೂನ್‌ನಲ್ಲಿ ಎಂಥ ಕೊಯ್ಲು? ಇವಳು ಮರುದಿನವೇ ಜನನ ನೋಂದಣಿ ಕಚೇರಿಗೆ ಹೋಗಿ ಹಳೆಯ ದಾಖಲೆ ತೆಗೆಸಿದಳು. ಹುಟ್ಟಿದ್ದು ಮಾನ್ವಿಯ ಆಸ್ಪತ್ರೆಯಲ್ಲಿ, ನವೆಂಬರ್ ತಿಂಗಳಲ್ಲಿ, ಸಾಲಿಯ ಲೆಕ್ಕಕ್ಕಿಂತ ಸುಮಾರು ಒಂದೂವರೆ ವರ್ಷ ತಡವಾಗಿ! ಅಂಕಪಟ್ಟಿಯ ತಾರೀಖನ್ನೇ ಕೊಟ್ಟುಬಿಡು, ಯಾರು ಕೇಳುತ್ತಾರೆ ಎಂದು ರಾಯಚೂರಿನ ಏಜೆಂಟ್ ಎಷ್ಟು ಹೇಳಿದರೂ ಕೇಳಲಿಲ್ಲ. ಹುಟ್ಟದ ದಿನ ಹುಟ್ಟಿದೆ ಎಂದು ಬರೆದು ಪರದೇಶಕ್ಕೆ ಹೋಗುವುದಿಲ್ಲ ಎಂದು ನಿಜವಾದ ತಾರೀಖಿನ ಪಾಸ್‌ಪೋರ್ಟ್ ಮಾಡಿಸಿಕೊಂಡಳು.

ಯಾರು ಕೇಳುತ್ತಾರೆ ಎಂದನಲ್ಲ ಏಜೆಂಟ್, ವಿಶ್ವವಿದ್ಯಾಲಯವೇ ಕೇಳಿತು. ಪಾಸ್‌ಪೋರ್ಟಿನಲ್ಲಿ ಒಂದು ದಿನ, ಅಂಕಪಟ್ಟಿಯಲ್ಲಿ ಇನ್ನೊಂದು ದಿನ ಇದೆ, ಇದು ಹೇಗಾಯಿತೆಂದು ಪ್ರಮಾಣ ಮಾಡಿದ ಕಾಗದ ಮೂರು ವಾರದೊಳಗೆ ಕಳಿಸಿ, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಪತ್ರ ಬಂತು. ಎಷ್ಟು ಸಭ್ಯವಾಗಿ ಬರೆದಿದ್ದರೂ ಅರ್ಥ ಒಂದೇ. ಎರಡು ಸಲ ಹೇಗೆ ಹುಟ್ಟಿದಿರಿ ತಾಯಿ?

ಸಿರವಾರದಲ್ಲಿ ಬಸ್ ಬದಲಿಸಿ ದೇವದುರ್ಗಕ್ಕೆ ಹೋದೆವು. ಇವಳು ಸಾಲಿಗೆ ಸೇರುವಾಗ ನಾವಿದ್ದದ್ದು ಅಲ್ಲಿಯೇ. ಇವಳನ್ನು ಸೇರಿಸಿದ್ದ ಸಾಲಿಯ ಈಗಿನ ಹೆಡ್‌ಮಾಸ್ತರರು ಒಳ್ಳೆಯವರು. ಧೂಳು ಕೊಡವಿ ದಾಖಲಾತಿ ಪುಸ್ತಕ ತೆಗೆದರು. ಆ ಪುಟದಲ್ಲಿದ್ದ ಮಕ್ಕಳೆಲ್ಲ, ಇಬ್ಬರು ಮೂವರನ್ನು ಬಿಟ್ಟರೆ, ಜೂನ್ ಒಂದಕ್ಕೇ ಹುಟ್ಟಿದ್ದರು. ದೇವದುರ್ಗದ ಸೂಲಗಿತ್ತಿಯರು ಆ ದಿನ ಊಟವನ್ನಾದರೂ ಮಾಡಿದ್ದರೋ ಇಲ್ಲವೋ! ತಂಗಿ ಕಣ್ಣು ಕೆಂಪಗೆ ಮಾಡಿ ಹೆಡ್‌ಮಾಸ್ತರರನ್ನು ನೋಡಿದಳು.

"ನನ್ನ ಯಾಕ ನೋಡ್ತೀ ಯವ್ವಾ," ಎಂದರು ಅವರು. "ನಾನೂ ಅವತ್ತ ಹುಟ್ಟೀನಿ."

ಮಗುವನ್ನು ಸೇರಿಸಿದವರ ಕಾಲಮಿನಲ್ಲಿ ನಮ್ಮ ಅಪ್ಪನ ಹೆಸರು, ಅದರ ಮುಂದೆ ನೀಲಿ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದವರು ಬಂದು, ತಾರೀಖು ಅಂದಾಜಿನಲ್ಲಿ ಬರೆಸಿದ್ದು ನಾನೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿದರೆ ಈ ಪುಟದ ನಕಲಿಗೆ ಸಹಿ ಹಾಕಿ ಕೊಡುತ್ತೇನೆ, ಕೆಲಸ ಮುಗಿಯಿತು ಎಂದರು ಹೆಡ್‌ಮಾಸ್ತರರು. ಆದರೆ ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಈಗ ಎಲ್ಲಿಂದ ಕರೆತರುವುದು? ತಂಗಿ ಆ ಪುಟವನ್ನೇ ಬಹಳ ಹೊತ್ತು ನೋಡುತ್ತಾ ನಿಂತಳು. ನಾನು ಅವಳ ಹಿಂದೆ ನಿಂತು ನನ್ನ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದೆ.

ಹೌದು, ಅದು ನನ್ನ ಹೆಬ್ಬೆಟ್ಟು. ಬೈಯುವವರು ಬೈಯಿರಿ, ಆದರೆ ಪೂರ್ತಿ ಕೇಳಿಸಿಕೊಂಡು ಬೈಯಿರಿ.

ಆಗ ನನಗೆ ಹತ್ತು ವರ್ಷ, ಅವಳಿಗೆ ನಾಲ್ಕೂವರೆ. ಅಪ್ಪ, ಅವ್ವ ಕೂಲಿಗೆ ಹೋದರೆ ದಿನವಿಡೀ ಅವಳು ನನ್ನ ಸೊಂಟದ ಮೇಲೆ. ಎಂಥ ಭಾರ ಇದ್ದಳು ಎನ್ನುತ್ತೀರಿ! ಒಂದು ದಿನ ಅವಳ ಮುಖ ತೊಳೆದು, ಎಣ್ಣೆ ಹಚ್ಚಿ ಬಾಚಿ, ಸಾಲಿಗೆ ಕರೆದೊಯ್ದೆ. ಮಾಸ್ತರರು ವಯಸ್ಸು ಕೇಳಿದರು. ಆರು ತುಂಬಿದೆ ಎಂದೆ. ಅವರು ನಂಬಲಿಲ್ಲ. ಆಗ ವಯಸ್ಸಿನ ಪರೀಕ್ಷೆ ಗೊತ್ತಲ್ಲ, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಸಾಲಿ, ಮುಟ್ಟದಿದ್ದರೆ ಮನೆ. ಇವಳಿಗೆ ಒಂದು ವಾರದಿಂದ ತಾಲೀಮು ಕೊಟ್ಟಿದ್ದೆ. ಆದರೂ ಕೈ ಎರಡು ಬೆರಳು ಸಾಲದೇ ಹೋಗುತ್ತಿತ್ತು. ಕೈ ಉದ್ದವಾಗದಿದ್ದರೆ ಏನಂತೆ, ಕಿವಿ ಮೇಲೆ ಬರಬಹುದಲ್ಲ! ಮಾಸ್ತರರು ಪುಸ್ತಕ ತೆಗೆಯಲು ಬಗ್ಗಿದಾಗ ಹಿಂದಿನಿಂದ ಅವಳ ಎಡಗಿವಿಯನ್ನು ಹಿಡಿದು ಮೇಲಕ್ಕೆ ಎಳೆದೆ. ಬೆರಳು ತಾಗಿತು. ಅವಳು ಕಿರುಚಿದಳು. ಸಾಲಿಗೆ ಬಂದ ಸಂತೋಷಕ್ಕೆ ಅಳುತ್ತಾಳೆ ಎಂದೆ. ಅಪ್ಪ ಕೆಲಸಕ್ಕೆ ಹೋಗಿದ್ದಾನೆ ಎಂದಾಗ, ನೀನೇ ಹಚ್ಚು ಎಂದು ಮಾಸ್ತರರು ಮಸಿಯ ಡಬ್ಬಿ ಮುಂದೆ ತಳ್ಳಿದರು. ನನಗೆ ಸಹಿ ಬರುತ್ತಿತ್ತು. ಆದರೆ ಹತ್ತು ವರ್ಷದ ಹುಡುಗಿಯ ಸಹಿ ಯಾರಿಗೆ ಬೇಕು? ಮನೆಯಲ್ಲಿ, ಮಾಸ್ತರರೇ ಕರೆದು ಸೇರಿಸಿಕೊಂಡರು ಎಂದು ಇನ್ನೊಂದು ಸುಳ್ಳು ಬಿಟ್ಟೆ.

ಇದನ್ನು ಆ ದಿನವೇ ಹೆಡ್‌ಮಾಸ್ತರರ ಮುಂದೆ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂತು, ಆಗಲೂ ಹೇಳಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಇವಳು ಸುಡುಬಿಸಿಲಲ್ಲಿ ಮಾನ್ವಿಗೂ ರಾಯಚೂರಿಗೂ ತಿರುಗಿದಳು. ಕಚೇರಿಯಲ್ಲಿ ಜಗಳವಾಡಿದಳು. ಪಾಸ್‌ಪೋರ್ಟನ್ನೇ ಜೂನ್ ಒಂದಕ್ಕೆ ತಿದ್ದಿಸಿಬಿಡು ಎಂದ ಏಜೆಂಟನಿಗೆ, ತಿದ್ದಬೇಕಾದದ್ದು ನಿಮ್ಮ ಬುದ್ಧಿಯನ್ನು ಎಂದು ಹೇಳಿ ಎದ್ದು ಬಂದಳು. ನಾನು ಮಶೀನಿನ ಪೆಡಲ್ ತುಳಿಯುತ್ತಾ ಕುಳಿತೆ. ಯಾಕೆ? ನಾಚಿಕೆ ಎನ್ನಬಹುದು. ಆದರೆ ಅದಷ್ಟೇ ಅಲ್ಲ. ಈ ಕಾಗದ ಹೋಗದಿದ್ದರೆ ಅವಳೂ ಹೋಗುವುದಿಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಹಾಯಾಗಿ ಕುಳಿತಿತ್ತು. ಅದನ್ನು ನಾನು ಎಬ್ಬಿಸಿ ಕಳಿಸಲಿಲ್ಲ. ನನ್ನ ತಪ್ಪು ಅದೇ. ಕಿವಿ ಎಳೆದದ್ದಲ್ಲ.

ಒಂದು ದಿನ ಸೋದರಮಾವ ಬಂದರು. ಸಂಗತಿ ಕೇಳಿ, ನಿಮ್ಮಪ್ಪ ಕುಡಿದ ಅಮಲಿನಲ್ಲಿ ಬಾಯಿಗೆ ಬಂದ ತಾರೀಖು ಬರೆಸಿರಬೇಕು ಎಂದರು. ಅವ್ವ ತಲೆ ತಗ್ಗಿಸಿದಳು. ನಾನು ದಾರ ಕಡಿಯುವ ನೆಪದಲ್ಲಿ ಬಗ್ಗಿದೆ. ತಂಗಿ ಮಾತ್ರ ನೆಟ್ಟಗೆ ನಿಂತಳು.

"ನಮ್ಮಪ್ಪ ಕುಡೀತಿದ್ದ ಮಾವಾ, ಖರೇ ಅದ. ಕುಡಿದಾಗ ಇನ್ನೂ ಜಾಸ್ತಿ ಖರೇ ಹೇಳ್ತಿದ್ದ. ಅದಕ್ಕ ನೀವು ಅಂವನ ಮುಂದ ಕುಂದ್ರತಿದ್ದಿಲ್ಲ."

ಮಾವ ಚಹಾ ಅರ್ಧಕ್ಕೆ ಬಿಟ್ಟು ಹೋದರು. ಸತ್ತ ಅಪ್ಪ ನನ್ನ ಸುಳ್ಳು ಹೊತ್ತುಕೊಂಡು ಬೈಸಿಕೊಳ್ಳುವುದನ್ನು ಮೂರನೇ ವಾರದವರೆಗೂ ನೋಡುತ್ತಾ ಕುಳಿತಿದ್ದವಳಿಗೆ ಅಂದು ಮಶೀನು ಓಡಲೇ ಇಲ್ಲ. ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ಅವಳ ಕೋಟಿಗೆ ಪಾಸ್‌ಪೋರ್ಟ್ ಇಡಲು ಒಳಜೇಬು ಹೊಲಿಯುತ್ತಿದ್ದವಳು ಅದನ್ನು ಪಕ್ಕಕ್ಕಿಟ್ಟು, ಆ ಹೆಬ್ಬೆಟ್ಟು ನನ್ನದು ಎಂದೆ.

"ಗೊತ್ತದ," ಎಂದಳು.

ಯಾವಾಗಿನಿಂದ ಎಂದು ಕೇಳಿದೆ. ಪುಸ್ತಕ ತೆಗೆದ ದಿನದಿಂದ ಎಂದಳು.

"ಅಪ್ಪನ ಬೆರಳು ಅಷ್ಟ ಸಣ್ಣದು ಇತ್ತೇನಕ್ಕಾ? ಕೂಸಿನ ಬೆರಳದು."

ಮತ್ತೆ ಯಾಕೆ ಸುಮ್ಮನಿದ್ದೆ, ಸೀಟು ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು ನಾನೇ ಅವಳ ಮೇಲೆ ರೇಗಿದೆ! ತಪ್ಪು ಮಾಡಿದವರೇ ರೇಗುವುದು ನಮ್ಮ ಮನೆಯ ಪದ್ಧತಿ.

"ಹೋಗಿದ್ರ ಬರೋ ವರ್ಷ ಮತ್ತ ಬರೀತಿದ್ದೆ. ನಾ ಹೇಳಿದ್ರ ಅದು ನಿನ್ನ ಮ್ಯಾಲ ದೂರು ಆಕ್ಕಿತ್ತು. ನೀನ ಹೇಳಬೇಕಾಗಿತ್ತು."

ಇಂಥವಳ ಜೊತೆ ಹೇಗೆ ಬದುಕುವುದು ಹೇಳಿ! ಮರುದಿನ ಅವಳು ದೇವದುರ್ಗದಿಂದ ನಕಲು ತಂದಳು. ಅದರ ಮರುದಿನ ಇಬ್ಬರೂ ರಾಯಚೂರಿನ ಕೋರ್ಟಿನ ಅಂಗಳದಲ್ಲಿದ್ದೆವು. ಕಾಗದ ಗಡುವಿನೊಳಗೆ ಹೋಯಿತು, ಒಪ್ಪಿಗೆಯೂ ಬಂತು, ಮುಂದಿನ ವಾರ ಅವಳು ಹೊರಡುತ್ತಾಳೆ. ಆದರೆ ನನಗೆ ನೋಟರಿಯ ಮೇಜಿನ ಮುಂದೆ ನಡೆದದ್ದನ್ನು ಹೇಳಬೇಕಿದೆ.

ನೋಟರಿ ವಯಸ್ಸಾದವರು. ಎಲ್ಲವನ್ನೂ ಕೇಳಿ, ಆಗ ನಿಮಗೆ ಹತ್ತು ವರ್ಷ, ಕಾನೂನು ನಿಮ್ಮನ್ನು ಏನೂ ಅನ್ನುವುದಿಲ್ಲ ಎಂದರು. ಆಮೇಲೆ ಪೆನ್ನು ಹಿಡಿದುಕೊಂಡು ಕೇಳಿದರು.

"ಕಾರಣ ಬರೀಬೇಕಾಗ್ತದವಾ. ಯಾಕ ಹಂಗ ಹೇಳಿದಿ?"

ಇವಳನ್ನು ಹೊತ್ತು ಹೊತ್ತು ಸಾಕಾಗಿತ್ತು ಎಂದೆ. ಅವರು ನಕ್ಕರು. ಇದು ಪರದೇಶಕ್ಕೆ ಹೋಗುವ ಕಾಗದ, ಅವರಿಗೆ ಒಪ್ಪುವಂಥ ಕಾರಣ ಹೇಳು ಎಂದರು. ತಂಗಿಯೂ ನಕ್ಕಳು. ನಾನು ಮೇಜಿನ ಅಂಚು ನೋಡಿದೆ. ಹದಿನೆಂಟು ವರ್ಷ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

"ನನಗೂ ಮತ್ತ ಸಾಲಿಗಿ ಹೋಗಬೇಕಿತ್ರಿ," ಎಂದೆ. "ಕೂಸಿನ್ನ ಮನ್ಯಾಗ ಬಿಟ್ಟು ಬರಂಗಿದ್ದಿಲ್ಲ. ಕೂಸು ಸಾಲ್ಯಾಗ ಇದ್ರ, ನಾನೂ ಅಲ್ಲೇ ಇರಬಹುದಂತ."

ನೋಟರಿ ತಲೆ ಬಗ್ಗಿಸಿ ಬರೆದುಕೊಂಡರು. ತಂಗಿಯ ನಗು ನಿಂತಿತ್ತು. ಹೆಬ್ಬೆಟ್ಟನ್ನು ಒಂದೇ ನೋಟಕ್ಕೆ ಕಂಡುಹಿಡಿದವಳಿಗೆ ಇದು ಗೊತ್ತಿರಲಿಲ್ಲ.

ಹೊರಗೆ ಬಂದು ಬೇವಿನ ಮರದ ನೆರಳಿನಲ್ಲಿ ನಿಂತೆವು. ಕಾಗದ ಅವಳ ಕೈಯಲ್ಲಿತ್ತು. ಅದರಿಂದ ಕಣ್ಣು ತೆಗೆಯದೆ, ಆಮೇಲೆ ನೀನು ಎಷ್ಟು ದಿನ ಹೋದೆ ಎಂದು ಕೇಳಿದಳು. ಒಂಬತ್ತು ದಿನ ಎಂದೆ. ಹತ್ತನೇ ದಿನ ಹತ್ತಿ ಬೀಜ ಊರುವ ಕೆಲಸ ಶುರುವಾಯಿತು, ಕೂಸು ಹೇಗೂ ಸಾಲಿಗೆ ಹೋಗುತ್ತದಲ್ಲ, ನೀನು ನನ್ನ ಜೊತೆ ಬಾ ಎಂದು ಅವ್ವ ಕರೆದಳು, ಹೋದೆ ಎಂದೆ.

ಸುಳ್ಳು ಹೇಳಲು ಬಾರದ ನನ್ನ ತಂಗಿ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಅವ್ವನ ಮುಂದ ಇನ್ನೊಂದು ಸುಳ್ಳು ಹೇಳಬೇಕಿತ್ತಲ್ಲಕ್ಕಾ," ಎಂದಳು.