ನೋಡುವ ಎಂದು ಒತ್ತಿದ್ದು

ಆಗ ನನಗೆ ಅರವತ್ತೇಳು; ಮೂರು ವರ್ಷದ ಹಿಂದಿನ ಮಾತು. ಆ ಪ್ರಾಯಕ್ಕೆ ಬುದ್ಧಿ ಬಂದಿರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಮಂಡಿನೋವು ಮಾತ್ರ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟು ಕಾಪು ಪೇಟೆಯಲ್ಲಿ ಮೀನು ಮಾರಲು ಕೂತವಳು ನಾನು. ಅಕ್ಷರ ಕೂಡಿಸಿ ಓದುತ್ತೇನೆ. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಅಂಥವಳು ಫೋನಿನೊಳಗಿನ ಕ್ಯಾಲೆಂಡರಿಗೆ ಕೈ ಹಾಕಿದೆ.

ಹೂಡೆಯಲ್ಲಿದ್ದ ನನ್ನ ಅಕ್ಕನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ಗಂಡ ಇಲ್ಲ, ಮಕ್ಕಳಿಲ್ಲ. ಎರಡು ವಾರಕ್ಕೊಮ್ಮೆ ಗುರುವಾರ ಮಣಿಪಾಲದ ಆಸ್ಪತ್ರೆಗೆ ಅವಳ ಜೊತೆ ಯಾರಾದರೂ ಹೋಗಬೇಕು. ಇರುವವರು ನಾನು, ಮತ್ತೆ ಕಾರ್ಕಳದಲ್ಲಿ ಬಟ್ಟೆ ಹೊಲಿಯುವ ತಂಗಿ ಸುಶೀಲ. ಪ್ರತಿ ಸಲ ಫೋನಿನಲ್ಲಿ ಜಗಳ. ಕೇಳಿ ಸಾಕಾಗಿ ಸುಶೀಲನ ಮಗಳು ವಿದ್ಯಾ ಒಂದು ಲಿಂಕ್ ಕಳಿಸಿದಳು. ಅವಳಿಗೆ ಉಡುಪಿಯಲ್ಲಿ ಆಫೀಸು ಕೆಲಸ.

“ದೊಡ್ಡಮ್ಮ, ಇದು ಹೊಸತು. ನಿಮಗೆ, ಅಮ್ಮನಿಗೆ, ನನಗೆ ಮೂವರಿಗೂ ಒಂದೇ ಕ್ಯಾಲೆಂಡರ್. ಯಾರು ಎಂತ ಒತ್ತಿದ್ರೂ ಎಲ್ಲರಿಗೂ ಕಾಣ್ತದೆ.”

ಒಬ್ಬೊಬ್ಬರಿಗೆ ಒಂದೊಂದು ಬಣ್ಣವಂತೆ. ನನಗೆ ಸಿಕ್ಕಿದ್ದು ಹಳಸಿದ ಬೂತಾಯಿ ಮೀನಿನದ್ದು. ಗುರುವಾರದ ಚೌಕ ಒತ್ತಿದರೆ ಬರುತ್ತೀರಾ ಎಂದು ಕೇಳುತ್ತದೆ. ಕೆಳಗೆ ಮೂರು ಉತ್ತರ: ಹೌದು, ಇಲ್ಲ, ಬಹುಶಃ.

“ಬಹುಶಃ ಅಂದ್ರೆ ಎಂತ ಮಾರಾಯ್ತಿ?”

“ನೋಡುವ ಅಂತ.”

ಅಲ್ಲಿಗೆ ಕೆಟ್ಟಿತು. ನಮ್ಮ ಕಡೆ ಮದುವೆಗೆ ಕರೆಯಲು ಬಂದವರಿಗೆ ಇಲ್ಲ ಎನ್ನುವ ಕ್ರಮ ಇಲ್ಲ. ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟು, “ನೋಡುವ” ಎನ್ನುತ್ತೇವೆ. ಕರೆಯುವವರು ನಮ್ಮ ಮುಖ ನೋಡಿಯೇ ಬರುತ್ತೇವೋ ಇಲ್ಲವೋ ತಿಳಿದು ಊಟದ ಅಕ್ಕಿ ಅಳೆಯುತ್ತಾರೆ. ಯಂತ್ರಕ್ಕೆ ನನ್ನ ಮುಖ ಎಲ್ಲಿ ಕಾಣುತ್ತದೆ? ನಾನು ಎಲ್ಲ ಗುರುವಾರಕ್ಕೂ ‘ಬಹುಶಃ’ ಒತ್ತಿದೆ. ಮರ್ಯಾದೆ ನೋಡಿ, ಸುಶೀಲನೂ ಅದನ್ನೇ ಒತ್ತಿದ್ದಳು. ಮೊದಲ ಗುರುವಾರ ಇಬ್ಬರೂ ಹೋಗಿ, ಆಸ್ಪತ್ರೆಯ ಒಂದೇ ಕುರ್ಚಿಗೆ ಜಗಳವಾಡಿ, ನರ್ಸಿನಿಂದ ಬೈಸಿಕೊಂಡೆವು.

ಎರಡನೇ ಗುರುವಾರ ದೋಣಿಗಳು ಬಹಳ ದಿನದ ನಂತರ ತುಂಬಿ ಬಂದಿದ್ದವು. ನಾನು ಬಂಗುಡೆ ರಾಶಿಯ ಮುಂದೆ ಕೂತಾಗ, ಇವತ್ತು ಆಸ್ಪತ್ರೆ ಎಂದು ನೆನಪಿಸಲು ಫೋನು ಟಿಂಗ್ ಎಂದಿತು. ಸುಶೀಲನ ಹೆಸರು ಕಂಡಿತು, ಅದರ ಮುಂದಿನ ‘ಬಹುಶಃ’ ಕೂಡಿಸಿ ಓದಲು ಪುರುಸೊತ್ತಿರಲಿಲ್ಲ. ಅವಳು ಹೋಗುತ್ತಾಳೆ ಎಂದು ಫೋನು ಸೆರಗಿಗೆ ಸಿಕ್ಕಿಸಿದೆ. ಸಂಜೆ ಅಕ್ಕನಿಗೆ ಫೋನು ಮಾಡಿದೆ.

“ಸುಶೀಲ ಹೊರಟಳಾ?”

“ಯಾವ ಸುಶೀಲ? ಯಾರೂ ಬರ್ಲಿಲ್ಲ. ನಾನೇ ಬಸ್ಸಲ್ಲಿ ಹೋಗಿ ಬಂದೆ.”

“ಡಾಕ್ಟ್ರು ಎಂತ ಹೇಳಿದ್ರು?”

“ಜೊತೆಗೆ ಯಾರುಂಟು ಕೇಳಿದ್ರು. ಬರ್ತಾರೆ ಅಂದೆ. ಸ್ವಲ್ಪ ಹೊತ್ತು ಕಾದ್ರು ಪಾಪ. ಮತ್ತೆ ನನಗೇ ಹೇಳಿದ್ರು. ಇನ್ನು ಔಷಧಿ ಹಿಡಿಯುದಿಲ್ಲವಂತೆ. ಮನೆಗೆ ಹೋಗಿ ಬೇಕಾದ್ದು ತಿನ್ನಿ ಅಂದ್ರು.”

ಅಂಥ ಮಾತನ್ನು ಅವಳು ಒಬ್ಬಳೇ ಕೂತು ಕೇಳಿ, ಬಸ್ಸಿಗೆ ಚಿಲ್ಲರೆ ಕೊಟ್ಟು ಬಂದಿದ್ದಳು.

ಸುಶೀಲನಿಗೆ ಫೋನು ಮಾಡಿ ಬೈದೆ. “ನೀನು ಹೋಗ್ತೀ ಅಂತ ನಾನು ಹೊಲಿಗೆ ಹಿಡಿದು ಕೂತದ್ದು ಅಕ್ಕ,” ಎಂದು ಅವಳು ಅತ್ತಳು. ರಾತ್ರಿ ಫೋನು ಮಾಡಿದ ವಿದ್ಯಾ ಮಾತ್ರ ಅಳಲಿಲ್ಲ.

“ಒಬ್ಬರಾದ್ರೂ ಇಲ್ಲ ಅಂತ ಒತ್ತಿದ್ರೆ ನಾನು ರಜೆ ಹಾಕ್ತಿದ್ದೆ ದೊಡ್ಡಮ್ಮ.”

ಕ್ಯಾಲೆಂಡರಿನ ತಪ್ಪು ಎನ್ನಲು ಬಾಯಿ ತೆರೆದೆ. ಆದರೆ ಸತ್ಯ ಬೇರೆ. ಬಂಗುಡೆ ರಾಶಿ ನೋಡಿದಾಗಲೇ ನಾನು ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ‘ಇಲ್ಲ’ ಒತ್ತಲು ಒಂದು ಬೆರಳು ಸಾಕಿತ್ತು. ಹತ್ತೂ ಬೆರಳು ಮೀನಿನಲ್ಲಿದ್ದವು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸೀರೆಯ ಗಂಟು ಕಟ್ಟಿಕೊಂಡು ಹೂಡೆಗೆ ಹೋದೆ. ಅಕ್ಕ ಬಾಗಿಲು ತೆಗೆದು ಗಂಟನ್ನು ನೋಡಿದಳು.

“ಎಷ್ಟು ದಿನ ಇರ್ತೀ?”

“ನೀನು ಇರುವಷ್ಟು ದಿನ.”

“ಹಾಗಾದ್ರೆ ನಿನ್ನೆಯ ಪಾತ್ರೆ ಉಂಟು, ತೊಳಿ.”

ತೊಳೆದೆ. ತಳದ ಕರಿ ಸರಿಯಾಗಿ ಹೋಗಲಿಲ್ಲವೆಂದು ಇನ್ನೊಮ್ಮೆ ತೊಳೆಸಿದಳು.