ಹಿಂದಿನ ಸೀಟಿನ ಕುಚ್ಚಲಕ್ಕಿ

ಕುಚ್ಚಲಕ್ಕಿಯನ್ನು ಇಷ್ಟು ಮರ್ಯಾದೆಯಿಂದ ಊರು ಸುತ್ತಿಸುವವರು ನಮ್ಮ ಭಾವನನ್ನು ಬಿಟ್ಟರೆ ಇಡೀ ಕೇರಳದಲ್ಲಿ ಇನ್ನೊಬ್ಬರಿಲ್ಲ! ಪ್ರತಿ ಶನಿವಾರ ಒಂದು ಮೂಟೆ ಅಕ್ಕಿಯನ್ನು ಬೈಕಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಆಲುವದ ಮನೆಯಿಂದ ಇನ್ನೂರು ಕಿಲೋಮೀಟರ್ ಆಚೆಯ ತಿರುವನಂತಪುರಕ್ಕೆ ಹೊರಡುತ್ತಾರೆ. ಭಾನುವಾರ ಅದೇ ಅಕ್ಕಿ ವಾಪಸ್. ಬೇಯಿಸುವುದಿಲ್ಲ, ಮಾರುವುದಿಲ್ಲ. ತಲೆ ಸರಿ ಇರುವವರು ಮಾಡುವ ಕೆಲಸವೇ ಇದು?

ಭಾವನ ಹೆಂಡತಿ, ಅಂದರೆ ನನ್ನ ಅಕ್ಕ, ಮೂರು ತಿಂಗಳಿನಿಂದ ತಿರುವನಂತಪುರದ ಆಸ್ಪತ್ರೆಯಲ್ಲಿದ್ದಾಳೆ. ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ಹೊಸದರಲ್ಲಿ ಕಾಸರಗೋಡಿನ ಕಡಲ ದಾರಿಯಲ್ಲಿ ಇವರಿಬ್ಬರೂ ಒಂದು ಪುಟ್ಟ ಬೈಕಿನಲ್ಲಿ ತಿರುಗುತ್ತಿದ್ದರಂತೆ. ಆಸ್ಪತ್ರೆಗೆ ಸೇರಿದ ದಿನ ಅಕ್ಕ ಅದನ್ನೇ ನೆನಪಿಸಿ, "ಮನೆಗೆ ಬರುವುದಾದ್ರೆ ಅಂಥ ಬೈಕಲ್ಲೇ ಬರುವುದು, ಆಂಬುಲೆನ್ಸಲ್ಲಿ ಅಲ್ಲ" ಎಂದಳು.

ಅಷ್ಟೇ ಸಾಕಾಯಿತು. ಭಾವ ಬ್ಯಾಂಕಿಗೆ ರಜೆ ಹಾಕಿ ಹುಡುಕಿ ಹುಡುಕಿ, ಅಂಬಲಮುಗಳಿನ ಒಬ್ಬ ಮುದುಕರಿಂದ ಅಂಥದೇ ಬೈಕು ಕೊಂಡು ತಂದರು. ನನಗಿಂತ ವಯಸ್ಸಾದ ಬೈಕು! ಅದರ ಕೆಮ್ಮು ಕೇಳಿದರೆ ಮೊದಲು ಅದನ್ನೇ ಅಡ್ಮಿಟ್ ಮಾಡಬೇಕು ಅನ್ನಿಸುತ್ತದೆ. ಪೆಟ್ರೋಲಿಗೆ ಬೆರೆಸುವ ಆಯಿಲನ್ನು ಭಾವ ಅಕ್ಕನ ಟಾನಿಕ್ಕಿನ ಮುಚ್ಚಳದಲ್ಲಿ ಅಳೆಯುತ್ತಾರೆ. ಊಟಕ್ಕೆ ಮುಂಚೆಯೋ ನಂತರವೋ ಎಂದು ಕೇಳಿ ಬೈಸಿಕೊಂಡಿದ್ದೇನೆ.

ಈ ಬೈಕು ಇಬ್ಬರನ್ನು ಅಷ್ಟು ದೂರ ಎಳೆದೀತೇ? ಅದಕ್ಕೇ ಅಕ್ಕನ ತೂಕದಷ್ಟು ಅಕ್ಕಿ ಹೇರಿ ಅಭ್ಯಾಸ. ಒಮ್ಮೆ ನಾನೂ ಸ್ಕೂಟರಿನಲ್ಲಿ ಬೆನ್ನು ಹತ್ತಿದ್ದೆ. ಹರಿಪ್ಪಾಡಿನ ಹತ್ತಿರ ಹಂಪ್ ಬಂತು. ಭಾವ ಬೈಕು ನಿಲ್ಲಿಸಿ, ಹಿಂದಕ್ಕೆ ತಿರುಗಿ, ಪೆಟ್ಟಾಯಿತಾ ಎಂದು ಮೂಟೆಯನ್ನು ಕೇಳಿದರು. ಮೂಟೆ ಏನೂ ಹೇಳಲಿಲ್ಲ. ತಿರುವನಂತಪುರದ ತಂಪಾನೂರಿನ ಲಾಡ್ಜಿನಲ್ಲಂತೂ ಮೂಟೆಗೆ ಮಂಚ, ಭಾವನಿಗೆ ಚಾಪೆ!

ಪಕ್ಕದ ಮನೆಯಾಕೆ, ನಾವೆಲ್ಲ ಚೇಚ್ಚಿ ಎಂದು ಕರೆಯುವವರು, ಇದು ಅಕ್ಕನ ತೂಕದ ಅಕ್ಕಿ ಎಂದು ತಿಳಿದದ್ದೇ ತಡ, ಯಾವುದೋ ದೇವಸ್ಥಾನದ ತುಲಾಭಾರಕ್ಕೆ ಇರಬೇಕೆಂದು ಭಕ್ತಿಯಿಂದ ಕೈಮುಗಿದರು. ದೇವರಿಗೆ ಕೊಡಲಿಕ್ಕಲ್ಲ, ಅವಳನ್ನು ಮನೆಗೆ ಕರೆದುಕೊಂಡು ಬರಲಿಕ್ಕೆ ಎಂದು ಭಾವ ಅವರಿಗೆ ತಾಳ್ಮೆಯಿಂದ ವಿವರಿಸಿದರು.

ಕಳೆದ ಶುಕ್ರವಾರ ಸಂಜೆ ನೋಡಿದರೆ, ಭಾವ ಅಡುಗೆಮನೆಯಲ್ಲಿ ಕೂತು ಮೂಟೆಯಿಂದ ಅಕ್ಕಿ ತೆಗೆದು ಡಬ್ಬಕ್ಕೆ ಹಾಕುತ್ತಿದ್ದರು.

"ಎಂತ ಭಾವ, ಬೈಕು ಸೋತಿತಾ?" ಎಂದು ನಕ್ಕೆ.

"ಬೈಕು ಎಳೀತದೆ ಮಾರಾಯ," ಎಂದರು, ತಲೆ ಎತ್ತದೆ. "ನಿನ್ನಕ್ಕ ಈ ವಾರ ಮತ್ತೆ ಎರಡು ಕಿಲೋ ಇಳಿದಿದ್ದಾಳೆ."

ನನ್ನ ನಗು ಅಲ್ಲೇ ನಿಂತಿತು. ಮೂಟೆ ವಾರವಾರವೂ ಸಣ್ಣದಾಗುತ್ತಿದ್ದದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು, ಅಳುವೂ ಬಂತು. ಭಾವ ಸ್ನಾನಕ್ಕೆ ಹೋದ ಮೇಲೆ ಆ ಎರಡು ಕಿಲೋವನ್ನು ಡಬ್ಬದಿಂದ ತೆಗೆದು ಮತ್ತೆ ಮೂಟೆಗೆ ಸುರಿದು ಬಾಯಿ ಕಟ್ಟಿದೆ.

ಬೆಳಿಗ್ಗೆ ಭಾವ ಮೂಟೆ ಎತ್ತಿದರು. ಎತ್ತಿದವರು ಹಾಗೇ ನಿಂತು ನನ್ನ ಮುಖ ನೋಡಿದರು. ನಾನು ಬೈಕಿನ ಚಕ್ರ ನೋಡಿದೆ.

"ಇವತ್ತು ಸ್ವಲ್ಪ ಭಾರ ಉಂಟು," ಎಂದರು.

ಆಮೇಲೆ ಅದನ್ನು ಸೀಟಿನ ಮೇಲೆ ಮೆಲ್ಲಗೆ ಕೂರಿಸಿ, ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು ಹೊರಟರು.